ಜ್ವರ 38.5 ಅಂದ್ರೆ ನಮ್ಮ ಲೆಕ್ಕದಲ್ಲಿ ಎಷ್ಟು?

ಮ್ಯೂನಿಕ್‌ನ ಅಮ್ಮ:
ಮಗನಿಗೆ ಮೂರು ವರ್ಷ. ನಿನ್ನೆ ಶಾಲೆಯಿಂದ ಫೋನ್ ಬಂತು, "ಜ್ವರ 38.5 ಇದೆ, ಕರ್ಕೊಂಡು ಹೋಗಿ" ಅಂತ. ಸಂಜೆ 39.5 ಆಯ್ತು. ನಾನು ದಾವಣಗೆರೆಯಲ್ಲಿ ನೂರು, ನೂರೊಂದು ಅಂತ ಕೇಳಿಕೊಂಡೇ ಬೆಳೆದವಳು. ಅದು ಫ್ಯಾರನ್‌ಹೀಟ್, ಇಲ್ಲಿ ಸೆಲ್ಸಿಯಸ್. ಇಲ್ಲಿಯ ನಂಬರ್ ಕೇಳಿದರೆ ಎಷ್ಟು ಹೆದರಬೇಕು ಅಂತಲೇ ತಿಳಿಯಲ್ಲ. ಒಂದು ಡಿಗ್ರಿ ಏರಿದ್ದು ಜಾಸ್ತಿನಾ? ಮೊಬೈಲಲ್ಲಿ 1 ಸೆಲ್ಸಿಯಸ್ ಅಂತ ಹಾಕಿದರೆ 33.8 ಫ್ಯಾರನ್‌ಹೀಟ್ ಅಂತ ತೋರಿಸುತ್ತೆ!

ಮೈಸೂರಿನ ನರ್ಸ್:
ಅಕ್ಕಾ, 38 ಅಂದ್ರೆ 100.4. ಅಲ್ಲಿಂದ ಮೇಲೆ ಜ್ವರ ಅಂತ ಲೆಕ್ಕ. ನಿಮ್ಮ 38.5 ಅಂದ್ರೆ 101.3, 39.5 ಅಂದ್ರೆ 103.1. 40 ಆದರೆ 104. ಆದ್ರೆ ವಾರ್ಡಲ್ಲಿ ನಾವು ನಂಬರ್ ಒಂದನ್ನೇ ನೋಡಲ್ಲ. ಮಗು ನೀರು ಕುಡೀತಾ ಇದೆಯಾ, ಉಚ್ಚೆ ಹೊಯ್ತಾ ಇದೆಯಾ, ಎಬ್ಬಿಸಿದರೆ ಏಳುತ್ತಾ, ಅದು ಮುಖ್ಯ. ಇದರಲ್ಲಿ ಯಾವುದಾದರೂ ಸರಿಯಿಲ್ಲ ಅನಿಸಿದರೆ ಕಾಯಬೇಡಿ, ಡಾಕ್ಟರ ಹತ್ರ ಹೋಗಿ. ಮೂರು ತಿಂಗಳೊಳಗಿನ ಕೂಸಿಗಾದರೆ 38 ಮುಟ್ಟಿದ ತಕ್ಷಣ ತೋರಿಸಲೇಬೇಕು.

ಫಿಸಿಕ್ಸ್ ಮೇಷ್ಟ್ರು:
ಆ 33.8 ಸರಿಯೇ ಇದೆ ತಾಯಿ, ನಿಮ್ಮ ಪ್ರಶ್ನೆಗೆ ಅದು ಉತ್ತರವಲ್ಲ ಅಷ್ಟೇ. ಮಂಜುಗಡ್ಡೆ ಕರಗೋದು ಸೆಲ್ಸಿಯಸ್‌ನಲ್ಲಿ 0, ಫ್ಯಾರನ್‌ಹೀಟ್‌ನಲ್ಲಿ 32. ನೀರು ಕುದಿಯೋದು ಸೆಲ್ಸಿಯಸ್‌ನಲ್ಲಿ 100, ಫ್ಯಾರನ್‌ಹೀಟ್‌ನಲ್ಲಿ 212. ಅದೇ ದೂರವನ್ನು ಸೆಲ್ಸಿಯಸ್ 100 ಮೆಟ್ಟಿಲು ಮಾಡಿದರೆ ಫ್ಯಾರನ್‌ಹೀಟ್ 180 ಮಾಡುತ್ತದೆ. ಹಾಗಾಗಿ ಒಂದು ಸೆಲ್ಸಿಯಸ್ ಮೆಟ್ಟಿಲು 1.8 ಫ್ಯಾರನ್‌ಹೀಟ್ ಮೆಟ್ಟಿಲು. ಜ್ವರ ಎಷ್ಟಿದೆ ಅಂತ ಕೇಳಿದರೆ 1.8ರಿಂದ ಗುಣಿಸಿ 32 ಸೇರಿಸಿ. ಎಷ್ಟು ಏರಿತು ಅಂತ ಕೇಳಿದರೆ ಗುಣಿಸಿದರೆ ಸಾಕು, 32 ಬೇಡ. ಅದು ಎರಡು ಸೊನ್ನೆಗಳ ನಡುವಿನ ಅಂತರ, ಏರಿಕೆಗೆ ಅದರ ಸಂಬಂಧವಿಲ್ಲ. ನಿಮ್ಮ ಮಗನಿಗೆ ಏರಿದ್ದು ಹತ್ತಿರ ಹತ್ತಿರ ಎರಡು ಡಿಗ್ರಿ, ಊರಿನ ಲೆಕ್ಕದಲ್ಲಿ.

ಬಾಯಲ್ಲೇ ಮಾಡೋದಾದರೆ: ಎರಡರಷ್ಟು ಮಾಡಿ, ಅದರ ಹತ್ತನೇ ಒಂದು ಭಾಗ ಕಳೆಯಿರಿ, 32 ಸೇರಿಸಿ. 38.5ಕ್ಕೆ 77, ಅದರಲ್ಲಿ 7.7 ಹೋದರೆ 69.3, ಕೂಡಿದರೆ 101.3.

ಮ್ಯೂನಿಕ್‌ನ ಅಮ್ಮ:
ತುಂಬಾ ಥ್ಯಾಂಕ್ಸ್ ಸರ್! ಈಗ 37.2 ಇದೆ, ಆಟ ಆಡ್ತಾ ಇದ್ದಾನೆ. ಲೆಕ್ಕ ಹಾಕಿದರೆ ಸುಮಾರು 99 ಬಂತು. ಸರಿಯಾಗಿ 98.6ಕ್ಕೆ ಇಳೀಬೇಕು ಅಲ್ವಾ?

ಫಿಸಿಕ್ಸ್ ಮೇಷ್ಟ್ರು:
ಬೇಕಿಲ್ಲ. ಆ 98.6 ಬಂದದ್ದು ನೀವಿರುವ ದೇಶದಿಂದಲೇ. ಜರ್ಮನಿಯ ಲೈಪ್‌ಜಿಗ್‌ನ ಡಾಕ್ಟರ್ ವುಂಡರ್‌ಲಿಖ್ 1868ರಲ್ಲಿ ಸಾವಿರಾರು ರೋಗಿಗಳ ಜ್ವರ ಅಳೆದು ಪುಸ್ತಕ ಬರೆದರು. ಆರೋಗ್ಯವಂತರ ಸರಾಸರಿ 37 ಸೆಲ್ಸಿಯಸ್ ಅಂದರು. ಆ 37 ಅನ್ನು ಫ್ಯಾರನ್‌ಹೀಟಿಗೆ ತಿರುಗಿಸಿದಾಗ 98.6 ಆಯಿತು. ಆ ಪಾಯಿಂಟ್ ಆರು ಲೆಕ್ಕದಿಂದ ಬಂದದ್ದು, ಮೈಯಿಂದಲ್ಲ. ಬೆಳಗ್ಗೆ ಸ್ವಲ್ಪ ಕಡಿಮೆ, ಸಂಜೆ ಸ್ವಲ್ಪ ಜಾಸ್ತಿ ಎಲ್ಲರಿಗೂ ಇರುತ್ತೆ. ಮಗು ಆಡಲಿ ಬಿಡಿ.