ಕ್ರೋನೋಸ್ ಮ್ಯಾನ್ಯುಯಲ್ ಎಲ್ಲಿಂದ ಓದಲು ಶುರು ಮಾಡುವುದು?

ಸುರತ್ಕಲ್ ಕೀಸ್:
ಎಲ್ಲರಿಗೂ ನಮಸ್ಕಾರ. ಮಂಗಳೂರಿನಲ್ಲಿ ಒಂದು ಆರ್ಕೆಸ್ಟ್ರಾ ತಂಡಕ್ಕೆ ಕೀಬೋರ್ಡ್ ನುಡಿಸುತ್ತೇನೆ. ಮದುವೆ ರಿಸೆಪ್ಶನ್, ರೋಸ್ (ಕ್ರೈಸ್ತರಲ್ಲಿ ಮದುವೆಗೆ ಮುಂಚಿನ ಶಾಸ್ತ್ರ), ಗಣೇಶೋತ್ಸವ, ಇಂಥ ಕಾರ್ಯಕ್ರಮಗಳು. ಇಲ್ಲಿಯವರೆಗೆ ಅರೇಂಜರ್ ಕೀಬೋರ್ಡ್ ಇತ್ತು, ಸ್ಟೈಲ್ ಒತ್ತಿದರೆ ರಿದಮ್ ತಾನೇ ಬರುತ್ತಿತ್ತು. ಈಗ ಸೆಕೆಂಡ್ ಹ್ಯಾಂಡ್ ಕೊರ್ಗ್ ಕಂಪನಿಯ ಕ್ರೋನೋಸ್ ಕೀಬೋರ್ಡ್ ತೆಗೆದುಕೊಂಡಿದ್ದೇನೆ. ಸೌಂಡ್ ಕೇಳಿದರೆ ಮೈ ಜುಂ ಅನ್ನುತ್ತದೆ, ಆದರೆ ಸ್ವಲ್ಪ ಒಳಗೆ ಹೋದರೆ ಎಲ್ಲಿದ್ದೇನೆ ಅಂತಲೇ ಗೊತ್ತಾಗುವುದಿಲ್ಲ.

ಪಿಡಿಎಫ್‌ಗಳನ್ನು ಇಳಿಸಿಕೊಂಡಿದ್ದೇನೆ. ಕ್ವಿಕ್ ಸ್ಟಾರ್ಟ್, ಆಪರೇಷನ್ ಗೈಡ್, ಪ್ಯಾರಾಮೀಟರ್ ಗೈಡ್, ವಾಯ್ಸ್ ನೇಮ್ ಲಿಸ್ಟ್. ಪ್ಯಾರಾಮೀಟರ್ ಗೈಡ್ ಒಂದೇ ಸಾವಿರ ಪುಟ ದಾಟುತ್ತದೆ. ಇದನ್ನೆಲ್ಲ ಮೊದಲಿಂದ ಕೊನೆವರೆಗೆ ಓದಬೇಕಾ? ತಂಡದವರು ಮ್ಯಾನ್ಯುಯಲ್ ಬಿಡು, ಯೂಟ್ಯೂಬ್ ನೋಡು ಅನ್ನುತ್ತಾರೆ. ನನಗೆ ಸರಿಯಾಗಿ ಕಲಿಯಬೇಕು ಅಂತ ಆಸೆ ಉಂಟು.

ಇನ್ನೊಂದು ಸಮಸ್ಯೆ. ಎಡಗೈಗೆ ಸ್ಟ್ರಿಂಗ್ಸ್, ಬಲಗೈಗೆ ಕೊಳಲು ಬರುವ ಹಾಗೆ ಒಂದು ಕಾಂಬಿ (ಕಾಂಬಿನೇಶನ್, ಅಂದರೆ ಹಲವು ಸೌಂಡ್ ಒಟ್ಟಿಗೆ ಸೇರಿಸಿದ್ದು) ಮಾಡಬೇಕು. ಒಂದೇ ಸೌಂಡ್ ನುಡಿಸುವ ಪ್ರೋಗ್ರಾಮ್ ಮೋಡ್‌ನಲ್ಲಿ ಕೊಳಲಿಗೆ ಎಷ್ಟು ಚಂದ ಎಕೋ ಇರುತ್ತದೆ, ಅದೇ ಕೊಳಲನ್ನು ಕಾಂಬಿಗೆ ಹಾಕಿದರೆ ಒಣಗಿದ ಹಾಗೆ ಕೇಳುತ್ತದೆ. ಕೀಬೋರ್ಡ್ ಹಾಳಾಗಿದೆಯಾ?

ಮಲ್ಪೆ ಮಿಡಿ:
ಹಾಳಾಗಿಲ್ಲ ಮಾರಾಯ್ರೆ, ಹೆದರಬೇಡಿ. ಪ್ರೋಗ್ರಾಮ್ ಮೋಡ್‌ನಲ್ಲಿ ಕೇಳುವ ಎಫೆಕ್ಟ್ ಆ ಪ್ರೋಗ್ರಾಮ್‌ನದ್ದು. ಕಾಂಬಿಗೆ ಬಂದಾಗ ಕೊಳಲಿನ ಮೂಲ ಸೌಂಡ್ ಮಾತ್ರ ಬರುತ್ತದೆ, ಅದರ ಎಫೆಕ್ಟ್ ಜೊತೆಗೆ ಬರುವುದಿಲ್ಲ. ಕಾಂಬಿಗೆ ಅದರದ್ದೇ ಬೇರೆ ಎಫೆಕ್ಟ್‌ಗಳಿವೆ, 12 ಇನ್ಸರ್ಟ್ (ಸೌಂಡ್ ಹೋಗುವ ದಾರಿಯಲ್ಲೇ ಕೂರುವುದು), 2 ಮಾಸ್ಟರ್ (ಎಲ್ಲ ಸೌಂಡಿಗೂ ಹಂಚಿಕೆಯದ್ದು), 2 ಟೋಟಲ್ (ಕೊನೆಗೆ ಒಟ್ಟು ಸೌಂಡಿಗೆ). ಕಾಂಬಿಯ ಹದಿನಾರು ಟಿಂಬರ್‌ಗಳೂ (ಒಂದೊಂದು ಪ್ರೋಗ್ರಾಮ್ ಕೂರಿಸುವ ಜಾಗಗಳು) ಇವನ್ನೇ ಹಂಚಿಕೊಳ್ಳಬೇಕು. ಹಾಗಾಗಿ ಪ್ರತಿ ಪ್ರೋಗ್ರಾಮ್ ತನ್ನ ಎಫೆಕ್ಟ್ ಹೊತ್ತು ತಂದರೆ ಜಾಗ ಸಾಲುವುದಿಲ್ಲ ಅಲ್ವಾ? ಕಾಂಬಿಯ ಇನ್ಸರ್ಟ್ ಎಫೆಕ್ಟ್ ಪುಟದ ಮೆನುವಿನಲ್ಲಿ ಕಾಪಿ ಇನ್ಸರ್ಟ್ ಎಫೆಕ್ಟ್ ಅಂತ ಉಂಟು. ಅಲ್ಲಿಂದ ಕೊಳಲಿನ ಎಫೆಕ್ಟ್ ತಂದುಕೊಳ್ಳಿ, ಆಮೇಲೆ ರೌಟಿಂಗ್ ಪುಟದಲ್ಲಿ ಕೊಳಲಿನ ಟಿಂಬರ್ ಅದೇ ಎಫೆಕ್ಟಿಗೆ ಹೋಗುವ ಹಾಗೆ ಮಾಡಿ. ಎಕೋ ಮಾಸ್ಟರ್ ಎಫೆಕ್ಟ್‌ನಿಂದ ಬರುತ್ತಿದ್ದರೆ ಅದನ್ನೂ ಕಾಪಿ ಮಾಡಿ, ಟಿಂಬರ್‌ನ ಸೆಂಡ್ (ಮಾಸ್ಟರ್ ಎಫೆಕ್ಟಿಗೆ ಎಷ್ಟು ಸೌಂಡ್ ಹೋಗಬೇಕು ಅನ್ನುವ ಅಳತೆ) ಏರಿಸಬೇಕು.

ಈಗ ಮ್ಯಾನ್ಯುಯಲ್ ವಿಷಯ. ಯೂಟ್ಯೂಬ್ ನೋಡಿ, ತಪ್ಪೇನಿಲ್ಲ, ಆದರೆ ವೀಡಿಯೊ ಮಾಡಿದವನಿಗೆ ಬೇಕಾದ ಸೌಂಡ್ ಅವನು ತೋರಿಸುತ್ತಾನೆ, ನಿಮ್ಮ ಕಾರ್ಯಕ್ರಮಕ್ಕೆ ಬೇಕಾದ್ದು ಅಲ್ಲಿ ಇರಲೇಬೇಕು ಅಂತಿಲ್ಲ. ನಾಲ್ಕು ಪುಸ್ತಕಗಳಿಗೂ ಬೇರೆ ಬೇರೆ ಕೆಲಸ. ಓದಬೇಕಾದ್ದು ಆಪರೇಷನ್ ಗೈಡ್. ಅದರಲ್ಲಿ ಕೆಲಸದ ದಾರಿ ಇರುತ್ತದೆ, ಸ್ಪ್ಲಿಟ್ (ಎಡಗೈಗೆ ಒಂದು, ಬಲಗೈಗೆ ಒಂದು ಸೌಂಡ್) ಹೇಗೆ ಮಾಡುವುದು, ಹಾಡು ಹೇಗೆ ರೆಕಾರ್ಡ್ ಮಾಡುವುದು, ಹೇಗೆ ಸೇವ್ ಮಾಡುವುದು ಇತ್ಯಾದಿ. ಪ್ಯಾರಾಮೀಟರ್ ಗೈಡ್ ನಿಘಂಟಿದ್ದ ಹಾಗೆ, ಬೇಕಾದ ಪದ ಹುಡುಕುವುದಕ್ಕೆ. ಅದನ್ನು ಜೋಡಿಸಿರುವ ಕ್ರಮವೇ ಸ್ಕ್ರೀನಿನ ಕ್ರಮ. ಸ್ಕ್ರೀನಿನ ಎಡಗಡೆ ಮೇಲೆ ಪುಟದ ಹೆಸರು ಕಾಣುತ್ತದೆ, ಪುಸ್ತಕದಲ್ಲೂ ಅದೇ ಹೆಸರು ತಲೆಬರಹವಾಗಿರುತ್ತದೆ. ಯಾವ ಪುಟದಲ್ಲಿ ಸಿಕ್ಕಿಹಾಕಿಕೊಂಡಿದ್ದೀರೋ ಆ ಹೆಸರು ಹಿಡಿದು ಹುಡುಕಿ. ಕ್ರೋನೋಸ್‌ನಲ್ಲೇ ಹೆಲ್ಪ್ ಬಟನ್ ಉಂಟು, ಒತ್ತಿದರೆ ನೀವಿರುವ ಪುಟದ ವಿವರ ಸ್ಕ್ರೀನಿಗೇ ಬರುತ್ತದೆ. ಎಷ್ಟೋ ಜನ ಅದನ್ನು ಮುಟ್ಟುವುದೇ ಇಲ್ಲ, ನನಗೆ ಬೇಸರ ಆಗುವುದು ಅದಕ್ಕೇ.

ಆಪರೇಷನ್ ಗೈಡ್ ಮಾತ್ರ ಪ್ರಿಂಟ್ ತೆಗೆಸಿ ಸ್ಪೈರಲ್ ಬೈಂಡ್ ಮಾಡಿಸಿ, ಪಕ್ಕದಲ್ಲಿ ಪೆನ್ಸಿಲ್‌ನಲ್ಲಿ ಬರೆದುಕೊಳ್ಳಿ. ಪ್ಯಾರಾಮೀಟರ್ ಗೈಡ್ ಮೊಬೈಲ್‌ನಲ್ಲಿರಲಿ, ಸರ್ಚ್ ಮಾಡಬಹುದು.

ಬಲ್ಮಠ ಕ್ವಯರ್:
ಹೆಚ್ಚಿನದ್ದು ಒಪ್ಪುತ್ತೇನೆ, ಆದರೆ ಪ್ಯಾರಾಮೀಟರ್ ಗೈಡ್ ಹುಡುಕುವುದಕ್ಕೆ ಮಾತ್ರ ಅನ್ನುವುದನ್ನು ಒಪ್ಪುವುದಿಲ್ಲ ಅಣ್ಣ. ಕ್ರೋನೋಸ್‌ನಲ್ಲಿ ಒಂಬತ್ತು ಸೌಂಡ್ ಎಂಜಿನ್‌ಗಳಿವೆ (ಸೌಂಡ್ ಹುಟ್ಟಿಸುವ ವಿಧಾನಗಳು), ಪ್ರತಿಯೊಂದೂ ಬೇರೆ ವಾದ್ಯವೇ. ನಿಮಗೆ ಬೇಕಾದ ಒಂದೇ ಎಂಜಿನ್ ಆರಿಸಿ, ಅದರ ಅಧ್ಯಾಯ ಪೂರ್ತಿ ಓದಿ, ಕೀಬೋರ್ಡ್ ಎದುರಿಗಿಟ್ಟುಕೊಂಡೇ ಓದಿ. ನಾನು ಚರ್ಚಿನಲ್ಲಿ ನುಡಿಸುವವಳು, ನನಗೆ ಬೇಕಾದ್ದು ಆರ್ಗನ್, ಅಂದರೆ ಸಿಎಕ್ಸ್-3 ಅನ್ನುವ ಎಂಜಿನ್. ಅದರಲ್ಲಿ ಮುಂದಿನ ಒಂಬತ್ತು ಸ್ಲೈಡರ್‌ಗಳೇ ಡ್ರಾಬಾರ್ (ಆರ್ಗನ್ ಸೌಂಡ್ ಬೆರೆಸುವ ಎಳೆಗೋಲು). ಒಂದೊಂದನ್ನೇ ಎಳೆಯುತ್ತಾ ಪುಸ್ತಕದ ಸಾಲು ಓದಿದರೆ ಯಾವುದು ಯಾವ ಸ್ವರ ಸೇರಿಸುತ್ತದೆ ಅಂತ ಕಿವಿಗೇ ಗೊತ್ತಾಗುತ್ತದೆ. ಈಗ ಕ್ವಯರ್ ಮೆಲ್ಲ ಹಾಡುವಾಗ ಎರಡು ಸ್ಲೈಡರ್ ಒಳಗೆ ತಳ್ಳುತ್ತೇನೆ, ಕೊನೆಯ ಚರಣಕ್ಕೆ ಪೂರ್ತಿ ಎಳೆಯುತ್ತೇನೆ. ಇದು ಹುಡುಕಿ ಓದಿದರೆ ಬರುವ ತಿಳಿವಳಿಕೆ ಅಲ್ಲ, ಕೂತು ಓದಬೇಕು.

ಎಡಿಟ್ ಮಾಡುವಾಗ ಕಂಪೇರ್ ಬಟನ್ ಮರೆಯಬೇಡಿ. ಒತ್ತಿದರೆ ಮೊದಲಿನ ಸೌಂಡ್, ಮತ್ತೆ ಒತ್ತಿದರೆ ನಿಮ್ಮದು.

ಉಡುಪಿ ಹಳೆ ಕೀಬೋರ್ಡ್:
ನೋಡಿ, ಈ ಪ್ರೋಗ್ರಾಮ್, ಕಾಂಬಿನೇಶನ್, ಸೀಕ್ವೆನ್ಸರ್ (ಹಾಡು ರೆಕಾರ್ಡ್ ಮಾಡುವ ಭಾಗ) ಅನ್ನುವ ವ್ಯವಸ್ಥೆ ಹೊಸದಲ್ಲ. 1988ರಲ್ಲಿ ಬಂದ ಕೊರ್ಗ್ ಎಂ1ನಲ್ಲಿ ಇದೇ ಇತ್ತು, 1999ರ ಟ್ರೈಟನ್‌ನಲ್ಲೂ ಇದೇ. 2011ರ ಕ್ರೋನೋಸ್‌ಗೆ ಸೌಂಡ್ ಎಂಜಿನ್‌ಗಳು ಎಷ್ಟೋ ಸೇರಿದವು, ಆದರೆ ಮನೆಯ ಪಾಯ ಅದೇ. ಆದ್ದರಿಂದ ಮೊದಲು ಮೋಡ್‌ಗಳ ಸಂಬಂಧ ಅರ್ಥ ಮಾಡಿಕೊಳ್ಳಿ, ಉಳಿದದ್ದು ತಾನಾಗಿ ಕೂರುತ್ತದೆ.

ಕಾಂಬಿಯೊಳಗೆ ಪ್ರೋಗ್ರಾಮ್‌ನ ಕಾಪಿ ಇರುವುದಿಲ್ಲ, ಇಂಥ ಬ್ಯಾಂಕಿನ (ಸೌಂಡ್‌ಗಳ ಗುಂಪಿನ) ಇಂಥ ನಂಬರ್ ಅನ್ನುವ ವಿಳಾಸ ಮಾತ್ರ ಇರುತ್ತದೆ. ನೀವು ಕೊಳಲನ್ನು ಎಡಿಟ್ ಮಾಡಿ ಅದೇ ಜಾಗಕ್ಕೆ ರೈಟ್ (ಒಳಗೆ ಸೇವ್) ಮಾಡಿದರೆ ಆ ಕೊಳಲು ಇರುವ ಎಲ್ಲ ಕಾಂಬಿಗಳೂ ಬದಲಾಗುತ್ತವೆ. ಎಡಿಟ್ ಮಾಡಿದ್ದನ್ನು ಯೂಸರ್ ಬ್ಯಾಂಕಿನ ಖಾಲಿ ಜಾಗಕ್ಕೆ ಬೇರೆ ಹೆಸರಿನಲ್ಲಿ ರೈಟ್ ಮಾಡಿ. ರೈಟ್ ಮಾಡದೆ ಬೇರೆ ಸೌಂಡಿಗೆ ಹೋದರೆ ಬದಲಾವಣೆ ಹೋಯ್ತು.

ಸೀಕ್ವೆನ್ಸರ್‌ನಲ್ಲಿ ಹಾಡು ಮಾಡುವವರಿಗೆ ಇದು ಇನ್ನೂ ಮುಖ್ಯ. ಪ್ರೋಗ್ರಾಮ್, ಕಾಂಬಿ ರೈಟ್ ಮಾಡಿದರೆ ಒಳಗೆ ಉಳಿಯುತ್ತವೆ, ಹಾಡು ಹಾಗಲ್ಲ. ಸ್ವಿಚ್ ಆಫ್ ಆದರೆ ಹಾಡು ಇಲ್ಲ. ಡಿಸ್ಕ್ ಮೋಡ್‌ಗೆ ಹೋಗಿ ಎಸ್‌ಎನ್‌ಜಿ ಫೈಲ್ ಆಗಿ ಸೇವ್ ಮಾಡಲೇಬೇಕು. ಪ್ರೋಗ್ರಾಮ್, ಕಾಂಬಿಗಳ ಬ್ಯಾಕಪ್ ಪಿಸಿಜಿ ಫೈಲ್‌ನಲ್ಲಿ. ಎರಡನ್ನೂ ಒಂದೇ ಹೆಸರಿನಲ್ಲಿ ಇಡಿ, ಏಕೆಂದರೆ ಹಾಡು ಕೂಡ ಪ್ರೋಗ್ರಾಮ್‌ಗಳನ್ನು ವಿಳಾಸದಿಂದಲೇ ಹುಡುಕುತ್ತದೆ.

ನಮ್ಮ ಕಡೆ ಮಳೆಗಾಲದಲ್ಲಿ ಕರೆಂಟ್ ಹೋಗುವುದು ಗೊತ್ತೇ ಇದೆ. ಕ್ರೋನೋಸ್ ಒಳಗೆ ಕಂಪ್ಯೂಟರ್ ಇದ್ದ ಹಾಗೆ, ಆನ್ ಆಗಿ ನುಡಿಸುವ ಸ್ಥಿತಿಗೆ ಬರಲು ಎರಡು ನಿಮಿಷಕ್ಕೂ ಜಾಸ್ತಿ ಬೇಕು. ಹಾಡಿನ ಮಧ್ಯೆ ಜನರೇಟರ್‌ಗೆ ಬದಲಾಯಿಸುವ ಒಂದು ಕ್ಷಣ ಸಾಕು, ಕೀಬೋರ್ಡ್ ಆಫ್ ಆಗಿ ಮತ್ತೆ ಆನ್ ಆಗುವವರೆಗೆ ನೀವು ಸುಮ್ನೆ ನಿಂತಿರಬೇಕು. ಕಾರ್ಯಕ್ರಮಕ್ಕೆ ಒಂದು ಸಣ್ಣ ಯುಪಿಎಸ್ ಜೊತೆಗೆ ಇರಲಿ.

ಸುರತ್ಕಲ್ ಕೀಸ್:
ಮೂವರಿಗೂ ತುಂಬಾ ಧನ್ಯವಾದ. ಎಫೆಕ್ಟ್ ಕಾಪಿ ಮಾಡಿದೆ, ಕೊಳಲಿಗೆ ಎಕೋ ಬಂತು! ಆದರೆ ಈಗ ಎರಡೂ ಸೌಂಡ್ ಇಡೀ ಕೀಬೋರ್ಡಿನಲ್ಲಿ ಒಟ್ಟಿಗೆ ಬರುತ್ತಿವೆ. ಸ್ಪ್ಲಿಟ್ ಎಲ್ಲಿ ಮಾಡುವುದು?

ಮಲ್ಪೆ ಮಿಡಿ:
ಕಾಂಬಿಯಲ್ಲಿ ಕೀ ಝೋನ್ ಪುಟ. ಸ್ಟ್ರಿಂಗ್ಸ್ ಟಿಂಬರ್‌ನ ಟಾಪ್ ಕೀ ಬಿ3, ಕೊಳಲಿನ ಬಾಟಮ್ ಕೀ ಸಿ4 ಮಾಡಿ. ಯಾವುದಾದರೂ ಟಿಂಬರ್ ಕೇಳದೇ ಹೋದರೆ ಅದರ ಮಿಡಿ ಚಾನೆಲ್ ಜಿಸಿಎಚ್ (ಗ್ಲೋಬಲ್ ಚಾನೆಲ್) ಆಗಿದೆಯಾ ನೋಡಿ, ಅದು ನೀವು ಕೈಯಲ್ಲಿ ನುಡಿಸುವ ಚಾನೆಲ್. ಸಿಗದಿದ್ದರೆ ಆ ಪುಟದಲ್ಲೇ ನಿಂತು ಹೆಲ್ಪ್ ಒತ್ತಿ. ಆಮೇಲೂ ಆಗದಿದ್ದರೆ ಸ್ಕ್ರೀನಿನ ಫೋಟೋ ಹಾಕಿ, ನೋಡುವ.