ಅಪ್‌ಡೇಟ್: ರೋಡ್‌ಸ್ಟರ್ ಹೋಯ್ತು, ಸ್ವಿಫ್ಟ್ ಸ್ಪೋರ್ಟ್ ಬಂತು

ಇಂಗ್ಲೆಂಡಿನಲ್ಲಿರುವ ನನ್ನ 20 ವರ್ಷದ ರೋಡ್‌ಸ್ಟರ್ (ಟಾಪ್ ತೆಗೆಯಬಹುದಾದ, ಎರಡೇ ಸೀಟಿನ ಕಾರು) ತುಕ್ಕು ಹಿಡಿದಿದೆ, ಓಡಿಸೋಕೆ ಖುಷಿ ಕೊಡುವ ಚಿಕ್ಕ ಸೆಕೆಂಡ್‌ಹ್ಯಾಂಡ್ ಕಾರು ಯಾವುದು ಅಂತ ಹೋದ ತಿಂಗಳು ಕೇಳಿದ್ದೆ.

2014ರ ಸುಜುಕಿ ಸ್ವಿಫ್ಟ್ ಸ್ಪೋರ್ಟ್ ತಗೊಂಡೆ. ನೋಡೋಕೆ ಊರಲ್ಲಿ ಓಡಾಡುವ ಸ್ವಿಫ್ಟೇ. ಒಳಗೆ ಮಾತ್ರ 1.6 ಲೀಟರ್ ಎಂಜಿನ್, ಆರು ಗೇರ್. ಎಂಜಿನ್‌ಗೆ ಹೆಚ್ಚು ಗಾಳಿ ತುಂಬಿ ಶಕ್ತಿ ಕೊಡುವ ಟರ್ಬೊ ಇಲ್ಲ, ಗೇರ್ ಬದಲಿಸದೆ ಎಳೆದಷ್ಟೂ ಮಜಾ. ಭಾರತಕ್ಕೆ ಇದು ಬರಲೇ ಇಲ್ಲ, ಬೇಜಾರು.

ನೀವು ಹೇಳಿದಂತೆ ಸರ್ಕಾರದ ಸೈಟಿನಲ್ಲಿ ಕಾರಿನ ನಂಬರ್ ಹಾಕಿ ಹಳೇ ಎಂಒಟಿ (ಅಲ್ಲಿ ಕಾರಿಗೆ ವರ್ಷಕ್ಕೊಮ್ಮೆ ಮಾಡಿಸುವ ಕಡ್ಡಾಯ ಸುರಕ್ಷತಾ ಪರೀಕ್ಷೆ) ವರದಿಗಳನ್ನೆಲ್ಲ ಓದಿದೆ. ಮೊದಲು ಮೆಚ್ಚಿದ ಕಾರನ್ನು ಅದನ್ನು ನೋಡಿಯೇ ಬಿಟ್ಟೆ. ಅದರ ಎರಡು ವರ್ಷದ ವರದಿಯಲ್ಲೂ ಅಡಿಭಾಗದ ತುಕ್ಕಿನ ಮಾತೇ ಇತ್ತು. ಈ ಕಾರಿನ ಕೆಳಗೆ ಒದ್ದೆ ನೆಲದಲ್ಲೇ ಮಲಗಿ, ಟಾರ್ಚ್ ಹಿಡಿದು ನೋಡಿದೆ. ಬರೀ ಕೆಸರು.

ಟಾಪ್ ತೆಗೆದು ಓಡಿಸುವ ಸುಖ ನೆನಪಾಗುತ್ತೆ. ಆದ್ರೆ ಈಗ ಮಗಳೂ ಹಿಂದೆ ಕೂತು ಬರ್ತಾಳೆ. ಸಲಹೆ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್.