ಆಂಡ್ರ್ಯೂ ಮೈನಾರ್ಸ್ಕಿಯವರ ಕೊನೆಯ ಹಾರಾಟ

ಪ್ರಶ್ನೆ: ಎರಡನೇ ಮಹಾಯುದ್ಧದಲ್ಲಿ ಲ್ಯಾಂಕಾಸ್ಟರ್ ಬಾಂಬರಿನ ಗನ್ನರ್ ಆಗಿದ್ದ ಕೆನಡಾದ ಮೈನಾರ್ಸ್ಕಿಯವರು ಪ್ಯಾರಾಚೂಟ್ ಇದ್ದರೂ ತೀರಿಕೊಂಡದ್ದು ಹೇಗೆ? ತಿಳಿದವರು ದಯವಿಟ್ಟು ವಿವರಿಸಿ.

ಉತ್ತರ 1: 1944ರ ಜೂನ್ 12ರ ರಾತ್ರಿ ಫ್ರಾನ್ಸಿನ ಕಾಂಬ್ರೇ ಮೇಲಿನ ದಾಳಿಗೆ ಹೊರಟಿದ್ದ ಅವರ ವಿಮಾನಕ್ಕೆ ಜರ್ಮನ್ ಯುದ್ಧವಿಮಾನದ ಗುಂಡು ತಗುಲಿ ಬೆಂಕಿ ಹೊತ್ತಿಕೊಂಡಿತು. ಜಿಗಿಯಲು ಆದೇಶ ಬಂದಾಗ, ಬಾಲದ ಗೋಪುರದಲ್ಲಿ (ವಿಮಾನದ ಹಿಂತುದಿಯಲ್ಲಿ ಗನ್ನರ್ ಕೂರುವ ಗೂಡು) ಸಿಕ್ಕಿಕೊಂಡಿದ್ದ ಗೆಳೆಯ ಪ್ಯಾಟ್ ಬ್ರೋಫಿಯನ್ನು ಕಂಡ ಮೈನಾರ್ಸ್ಕಿ ಜ್ವಾಲೆಯ ನಡುವೆ ತೆವಳಿಕೊಂಡು ಹೋಗಿ, ಮೊದಲು ಕೊಡಲಿಯಿಂದ, ಆಮೇಲೆ ಬರಿಗೈಯಿಂದ ಅದನ್ನು ತೆರೆಯಲು ಹೆಣಗಿದರು. ಬ್ರೋಫಿಯೇ ಹೋಗೆಂದು ಸನ್ನೆ ಮಾಡಿದ ಮೇಲೆ, ಉರಿಯುವ ಬಟ್ಟೆಯಲ್ಲೇ ಸೆಲ್ಯೂಟ್ ಹೊಡೆದು ಜಿಗಿದರು. ಪ್ಯಾರಾಚೂಟಿಗೂ ಬೆಂಕಿ ಹತ್ತಿತ್ತು. ಸುಟ್ಟಗಾಯಗಳಿಂದ ತೀರಿಕೊಂಡಾಗ ಅವರಿಗೆ ಕೇವಲ 27 ವರ್ಷ.

ಉತ್ತರ 2: ವಿಮಾನ ನೆಲಕ್ಕಪ್ಪಳಿಸಿದರೂ ಬ್ರೋಫಿ ಬದುಕುಳಿದರು. ಅವರ ಸಾಕ್ಷ್ಯದಿಂದಲೇ 1946ರಲ್ಲಿ ಮೈನಾರ್ಸ್ಕಿಯವರಿಗೆ ಮರಣೋತ್ತರವಾಗಿ ಬ್ರಿಟನ್ನಿನ ಅತ್ಯುನ್ನತ ಶೌರ್ಯ ಪದಕವಾದ ವಿಕ್ಟೋರಿಯಾ ಕ್ರಾಸ್ ಬಂದಿತು.

ಉತ್ತರ 3: ಕೆನಡಾದ ವಿನಿಪೆಗ್‌ನ ಪೋಲಿಷ್ ವಲಸಿಗರ ಮಗನಾದ ಮೈನಾರ್ಸ್ಕಿಯವರು, ತಂದೆ ತೀರಿಕೊಂಡ ಮೇಲೆ ಚರ್ಮ ಕತ್ತರಿಸುವ ಕೆಲಸ ಮಾಡಿ ಮನೆಗೆ ಆಸರೆಯಾಗಿದ್ದರೆಂಬುದು ನನ್ನನ್ನು ಇನ್ನೂ ಕಾಡುತ್ತದೆ.